ಕರಗಿದ ಕೋಟೆ, ಬಾಗಿದ ಹಲಗೆ: ಮನೆಯಲ್ಲೇ ಮಾಡಿದ ಯುದ್ಧದಾಟದ ಟೆರೇನ್‌ಗೊಂದು ದೋಷ ನಿವಾರಣೆ ಕೈಪಿಡಿ

ಶ್ರೀರಂಗಪಟ್ಟಣ ಕೋಟೆಯ ವಾಯವ್ಯ ಮೂಲೆ, ಅದರ ಕೆಳಗೆ ಕಂದಕ, ಕಂದಕದಾಚೆ ಬೇಸಿಗೆಯಲ್ಲಿ ಬತ್ತಿದ ಕಾವೇರಿ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಮುಂದಾಳತ್ವದ ಪಡೆ ಬಂಡೆಗಳ ನಡುವೆ ನದಿ ದಾಟಿ, ಫಿರಂಗಿ ಏಟಿಗೆ ಒಡೆದಿದ್ದ ಗೋಡೆಯ ಕಂಡಿಗೆ ನುಗ್ಗಿದ್ದು ಅಲ್ಲೇ. ಆ ಮೂಲೆಯನ್ನು ಯುದ್ಧದಾಟಕ್ಕೆಂದು, ಅಂದರೆ ಗೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಕಾಳಗ ಆಡುವ ಆಟಕ್ಕೆಂದು, 28 ಮಿ.ಮೀ. ಎತ್ತರದ ಸೈನಿಕ ಗೊಂಬೆಗಳಿಗೆ ತಕ್ಕಂತೆ ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿನ ಮೇಲೆ ಕಟ್ಟಬೇಕೆಂದು ಕೂತೆ. ಹೊರಗಿನಿಂದ ತರಿಸುವ ಸಿದ್ಧ ಟೆರೇನ್ (ಆಟದ ಮೇಜಿನ ಮೇಲಿನ ನೆಲ, ಬೆಟ್ಟ, ಕೋಟೆಗಳ ಮಾದರಿ) ಕೈಗೆಟಕುವ ಮಾತಾಗಿರಲಿಲ್ಲ. ಫ್ರಿಜ್ ಪೆಟ್ಟಿಗೆಯ ಥರ್ಮಾಕೋಲ್, ಫ್ಲೆಕ್ಸ್ ಅಂಗಡಿಯವರು ಎಸೆಯುವ ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಲಗೆ) ತುಂಡು, ಸಾಮಿಲ್‌ನ ಹೊಟ್ಟು, ಉರಿದು ಮುಗಿದ ಊದುಬತ್ತಿಯ ಕಡ್ಡಿ, ತೆಂಗಿನ ನಾರು, ಜೊತೆಗೆ ಹಾರ್ಡ್‌ವೇರ್ ಅಂಗಡಿಯ ಎಮಲ್ಷನ್ ಬಣ್ಣ. ಇಷ್ಟರಲ್ಲೇ ಕಟ್ಟಿದೆ. ಕಟ್ಟುವಾಗ ಈ ಕೆಲಸದಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ನನ್ನ ಮೇಜಿನ ಮೇಲೇ ಬಂದು ಹೋದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಟೆರೇನ್‌ನಲ್ಲಿ ದೋಷ ಕಾಣುವುದು ಮೇಲಿನ ಪದರದಲ್ಲಿ, ಹುಟ್ಟಿರುವುದು ಅದರ ಕೆಳಗಿನ ಪದರದಲ್ಲಿ. ಬಣ್ಣ ಸಿಪ್ಪೆ ಎದ್ದರೆ ಬಣ್ಣವನ್ನು ಬಯ್ಯುತ್ತೇವೆ. ನಿಜವಾದ ಕಾರಣ ಮರಳಿನಲ್ಲಿದ್ದ ಧೂಳು. ಬೆಟ್ಟ ಬಾಗಿದರೆ ಹಲಗೆ ಕಳಪೆ ಎನ್ನುತ್ತೇವೆ. ನಿಜಕ್ಕೂ ಬಾಗಿಸಿದ್ದು ಮೇಲೆ ಬಳಿದ ಅಂಟು. ಹಾಗಾಗಿ ರಿಪೇರಿಗೆ ಕೈ ಹಾಕುವ ಮುನ್ನ ಮೂರು ವಿಷಯ ಕೇಳಿಕೊಳ್ಳಿ. ಕೊನೆಗೆ ಹಚ್ಚಿದ್ದು ನೀರಿನಲ್ಲಿ ಕರಗುವುದೋ, ಥಿನ್ನರ್‌ನಲ್ಲಿ ಕರಗುವುದೋ? ಅದರ ಕೆಳಗೆ ಏನಿದೆ? ಕೆಳಗಿನದು ಒಣಗಲು ಎಷ್ಟು ಹೊತ್ತು ಬಿಟ್ಟಿದ್ದಿರಿ? ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಉತ್ತರ ಇಲ್ಲೇ ಸಿಗುತ್ತದೆ. ಜೊತೆಗೆ, ಪ್ರತಿ ಕೆಲಸಕ್ಕೂ ಅದೇ ಥರ್ಮಾಕೋಲ್‌ನ ಅಂಗೈಯಗಲದ ಒಂದು ತುಂಡನ್ನು ಪಕ್ಕಕ್ಕೆ ಇಟ್ಟುಕೊಂಡು, ಪ್ರತಿ ಪದರವನ್ನೂ ಮೊದಲು ಅದಕ್ಕೆ ಹಚ್ಚಿ ನೋಡಿ. ಅಸಲಿ ಟೆರೇನ್‌ಗೆ ಹಚ್ಚುವುದು ಮಾರನೆಯ ದಿನ.

ಥರ್ಮಾಕೋಲ್ ಕರಗಿ ಗುಳಿ ಬಿದ್ದಿದೆ

ಬತೇರಿಯ (ಕೋಟೆ ಬುರುಜಿನ) ಗೋಡೆಗೆ ಬೂದು ಬಣ್ಣದ ಸ್ಪ್ರೇ ಹೊಡೆದಾಗ ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಬಣ್ಣ ಚೆನ್ನಾಗಿಯೇ ಕೂತಿತು. ಆಮೇಲೆ ಗೋಡೆಯ ಮೇಲಂಚು, ನಾನು ಒಂದೊಂದಾಗಿ ಕೊರೆದಿದ್ದ ಕಲ್ಲಿನ ಸಾಲು, ಬಿಸಿಲಿಗಿಟ್ಟ ಬೆಣ್ಣೆಯಂತೆ ಇಳಿಯತೊಡಗಿತು. ಹತ್ತಿರ ಬಾಗಿ ನೋಡಿದರೆ ಒಂದೊಂದು ಬಿಳಿ ಕಾಳೂ ಮುದುಡಿ ಒಳಗೆ ಸರಿಯುತ್ತಿತ್ತು. ಕಿವಿಗೆ ಸಣ್ಣ ಚಿಟಿಚಿಟಿ ಸದ್ದು. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್‌ನ ತೆಳು ಗೋಡೆಗಳೊಳಗೆ ತುಂಬಿದ ಗಾಳಿ. ಗಾತ್ರದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಗಾಳಿಯೇ. ಆ ತೆಳು ಗೋಡೆಯನ್ನು ಯಾವುದಾದರೂ ದ್ರಾವಕ ಮುಟ್ಟಿತೆಂದರೆ ಗಾಳಿ ಹೊರಬಿದ್ದು ಇಡೀ ರಚನೆ ಕುಸಿಯುತ್ತದೆ.

ಗುಳಿಯ ಆಕಾರ ನೋಡಿದರೆ ಕಾರಣ ಗೊತ್ತಾಗುತ್ತದೆ. ಬಣ್ಣ ಬಿದ್ದ ಕಡೆಯೆಲ್ಲ ಜೇನುಗೂಡಿನಂತೆ ಒರಟು ಗುಳಿಯಿದ್ದರೆ ಅದು ದ್ರಾವಕದ್ದು: ಸ್ಪ್ರೇ ಡಬ್ಬಿ, ಎನ್‌ಸಿ ಥಿನ್ನರ್, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್, ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಅಂಟು, ಕ್ಷಣದಲ್ಲಿ ಹಿಡಿಯುವ ಗಮ್. ಎನಾಮಲ್ ಬಣ್ಣವೂ ತಿನ್ನುತ್ತದೆ, ಆದರೆ ನಿಧಾನಕ್ಕೆ. ಸಂಜೆ ಸರಿಯಿದ್ದ ಗೋಡೆ ಬೆಳಿಗ್ಗೆ ಸೊರಗಿರುತ್ತದೆ. ಗುಳಿ ನುಣ್ಣಗೆ, ಗಾಜಿನಂತೆ ಹೊಳೆಯುತ್ತ, ಅಂಚು ಉರುಟಾಗಿದ್ದರೆ ಅದು ಬಿಸಿಯ ಕೆಲಸ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ. ದೊಡ್ಡ ಗ್ಲೂ ಗನ್‌ನಿಂದ ಬರುವ ಅಂಟು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಗನ್ ಬಳಸಲೇಬೇಕಿದ್ದರೆ ಅಂಟನ್ನು ಮೊದಲು ರಟ್ಟಿನ ಮೇಲೆ ಸುರಿದು, ಐದಾರು ಎಣಿಸಿ, ಆಮೇಲೆ ಥರ್ಮಾಕೋಲ್‌ಗೆ ಒತ್ತಿ. ಇನ್ನು ಗುಳಿಯೇ ಇಲ್ಲದೆ ಕಾಳು ಕಾಳಾಗಿ ಕಿತ್ತು ಬಂದಿದ್ದರೆ ದೋಷ ಬ್ಲೇಡಿನದ್ದು. ಕಟ್ಟರ್‌ನ ತುದಿಯನ್ನು ಒಂದು ಗೆರೆ ಮುರಿದು ಹೊಸ ಅಂಚು ತೆಗೆದುಕೊಳ್ಳಿ, ಒಂದೇ ಸಲಕ್ಕೆ ಪೂರ್ತಿ ಕೊಯ್ಯದೆ ಮೂರು ಸಲ ಎಳೆಯಿರಿ.

ಅಂಗಡಿಯಲ್ಲಿ ಬಣ್ಣ ಕೊಳ್ಳುವಾಗ ಕೇಳಬೇಕಾದ್ದು ಒಂದೇ: «ಅಣ್ಣ, ಇದು ವಾಟರ್ ಬೇಸಾ, ಆಯಿಲ್ ಬೇಸಾ?» ಬ್ರಶ್ ನೀರಿನಲ್ಲಿ ತೊಳೆಯಬಹುದಾದ ಬಣ್ಣ ಥರ್ಮಾಕೋಲ್‌ಗೆ ಏನೂ ಮಾಡುವುದಿಲ್ಲ.

ಕರಗಿದ್ದನ್ನು ಉಳಿಸುವ ಬಗೆ ಹೀಗೆ. ಕರಗುತ್ತಿರುವಾಗ ಮುಟ್ಟಬೇಡಿ, ಒರೆಸಲೂಬೇಡಿ. ಒರೆಸಿದರೆ ದ್ರಾವಕ ಇನ್ನಷ್ಟು ಕಡೆ ಹರಡುತ್ತದೆ. ತಾರಸಿಯಲ್ಲೋ ಬಾಲ್ಕನಿಯಲ್ಲೋ, ಬೆಂಕಿಯಿಂದ ದೂರ, ಒಂದು ರಾತ್ರಿ ಬಿಡಿ. ವಾಸನೆ ಪೂರ್ತಿ ಹೋದ ಮೇಲೆ ಗಟ್ಟಿಯಾದ ಚಕ್ಕೆಗಳನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಬೆರಳಲ್ಲಿ ಒತ್ತಿ ಒಳಗೆ ಟೊಳ್ಳಾಗಿದೆಯೇ ನೋಡಿ. ಮೇಲ್ಮೈ ಸರಿ ಕಂಡರೂ ಕೆಳಗೆ ಗುಹೆ ಇರುವುದುಂಟು, ಅಲ್ಲಿ ಬೆರಳು ತಟ್ಟನೆ ಇಳಿಯುತ್ತದೆ. ಅಂಥ ಕಡೆ ಕೊಯ್ದು ತೆರೆಯಿರಿ. ವಾಲ್ ಪುಟ್ಟಿ, ಜರಡಿ ಹಿಡಿದ ಮರದ ಹೊಟ್ಟು, ಫೆವಿಕಾಲ್‌ನಂಥ ಬಿಳಿ ಅಂಟು, ಮೂರನ್ನೂ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ. ನನ್ನ ಗೋಡೆಯಲ್ಲಿ ಬಿದ್ದ ದೊಡ್ಡ ಗುಳಿಯನ್ನು ನಾನು ತುಂಬಲಿಲ್ಲ. ಫಿರಂಗಿ ಗುಂಡು ಬಡಿದ ಜಾಗ ಅದಕ್ಕಿಂತ ಚೆನ್ನಾಗಿ ಕೊರೆಯಲು ಬರುವುದಿಲ್ಲ ಅನ್ನಿಸಿತು. ಹಾಗಂತ ಬೇಕೆಂದೇ ಕರಗಿಸಲು ಹೋಗಬೇಡಿ. ಆ ಹೊಗೆ, ಆ ಆವಿ ಮುಚ್ಚಿದ ಕೋಣೆಯಲ್ಲಿ ಉಸಿರಾಡುವಂಥದ್ದಲ್ಲ. ಬಿಸಿ ತಂತಿಯ ಕಟ್ಟರ್ ಬಳಸುವವರೂ ಕಿಟಕಿ ತೆರೆದಿಟ್ಟುಕೊಳ್ಳಬೇಕು.

ಮುಂದೆ ಸ್ಪ್ರೇ ಹೊಡೆಯಲೇಬೇಕೆಂದರೆ ಬಿಳಿ ಅಂಟಿಗೆ ಅಷ್ಟೇ ಪ್ರಮಾಣದ ಎಮಲ್ಷನ್ ಬೆರೆಸಿ ಎರಡು ಕೋಟ್ ಬಳಿಯಿರಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ. ಕಪ್ಪು ಸ್ಟೇನರ್ (ಎಮಲ್ಷನ್‌ಗೆ ಬಣ್ಣ ಕೊಡಲು ಬೆರೆಸುವ ಗಾಢ ದ್ರವ) ನಾಲ್ಕು ಹನಿ ಹಾಕಿದರೆ ಬಿಟ್ಟುಹೋದ ಬಿಳಿ ಚುಕ್ಕೆ ಕಣ್ಣಿಗೆ ಹೊಡೆಯುತ್ತದೆ. ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಸ್ಪ್ರೇ ಅಲ್ಲಿಂದಲೇ ಒಳಗೆ ಹೋಗಿ ಗುಹೆ ಮಾಡುತ್ತದೆ.

ಥರ್ಮಾಕೋಲ್ ಸಿಗುವುದರ ಬಗ್ಗೆ ಒಂದು ಮಾತು. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ಹೊಸದನ್ನು ಹುಡುಕಿಕೊಂಡು ಅಲೆಯುವ ಬದಲು ಟಿವಿ, ಫ್ರಿಜ್, ಮಿಕ್ಸಿ ಪೆಟ್ಟಿಗೆಗಳಲ್ಲಿ ಬಂದದ್ದನ್ನೇ ಎತ್ತಿಡಿ. ಪೆಟ್ಟಿಗೆಯ ಥರ್ಮಾಕೋಲ್‌ನಲ್ಲೂ ಗಟ್ಟಿ, ಮೆದು ಎರಡೂ ಇವೆ. ಉಗುರಿನಿಂದ ಒತ್ತಿದಾಗ ಗುರುತು ಆಳಕ್ಕೆ ಬೀಳದ್ದು ಗೋಡೆಗೆ, ಸುಲಭವಾಗಿ ಕುಸಿಯುವುದು ಬೆಟ್ಟದ ಹೊಟ್ಟೆಗೆ.

ಹಲಗೆ ಬಾಗಿದೆ

ಇದು ಎಲ್ಲಕ್ಕಿಂತ ಹೆಚ್ಚು ಜನ ಕೈಚೆಲ್ಲುವ ದೋಷ, ಆದರೆ ಇದಕ್ಕೆ ಖಂಡಿತ ಮದ್ದಿದೆ. 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಥವಾ ರಟ್ಟಿನ ಮೇಲೆ ಮರಳು ಅಂಟಿಸಿ ಮಲಗಿದರೆ ಬೆಳಿಗ್ಗೆ ಹಲಗೆ ದೋಣಿಯಂತಾಗಿರುತ್ತದೆ. ಟೈಲ್ಸ್ ನೆಲದ ಮೇಲಿಟ್ಟು ಒಂದು ಮೂಲೆ ಒತ್ತಿದರೆ ಎದುರಿನ ಮೂಲೆ ಏಳುತ್ತದೆ.

ಯಾವಾಗ ಬಾಗಿತು ಎನ್ನುವುದನ್ನು ನೆನಪಿಸಿಕೊಳ್ಳಿ, ಕಾರಣ ಅದರಲ್ಲೇ ಇದೆ. ಅಂಟು ಬಳಿದ ಕೂಡಲೇ ನಡುಭಾಗ ಮೇಲೆದ್ದು ಬೆನ್ನು ಗೂನಾದರೆ, ಮೇಲ್ಭಾಗ ನೀರು ಕುಡಿದು ಹಿಗ್ಗಿದೆ ಎಂದರ್ಥ. ಏನೂ ಮಾಡಬೇಡಿ, ಬಿಡಿ. ಒಣಗಿದ ಮೇಲೆ ನಾಲ್ಕು ಮೂಲೆ ಮೇಲೆದ್ದು ಬಟ್ಟಲಿನಂತಾದರೆ, ಅಂಟು ಒಣಗುತ್ತ ಕುಗ್ಗಿ ಮೇಲ್ಮೈಯನ್ನು ಎಳೆದಿದೆ. ಬಿಳಿ ಅಂಟಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರು ಹೋದಂತೆ ಅಂಟಿನ ಪದರ ಕುಗ್ಗುತ್ತದೆ, ಹಲಗೆಯನ್ನೂ ಜೊತೆಗೆ ಎಳೆಯುತ್ತದೆ. ತಿಂಗಳುಗಟ್ಟಲೆ ಸರಿಯಿದ್ದದ್ದು ಜೂನ್ ಬಂದಾಗ ಬಟ್ಟಲಾದರೆ ಕಾರಣ ಬೇರೆ: ಕೆಳಭಾಗಕ್ಕೆ ಬಣ್ಣವಿಲ್ಲ, ಮಳೆಗಾಲದ ತೇವ ಕುಡಿದು ಅದು ಹಿಗ್ಗಿದೆ. ಆಕಾರ ಎರಡರಲ್ಲೂ ಒಂದೇ, ಮದ್ದು ಬೇರೆ.

ಅಂಟಿನಿಂದ ಬಾಗಿದ್ದಕ್ಕೆ ಅಂಟಿನಿಂದಲೇ ಉತ್ತರ. ಹಲಗೆ ಮಗುಚಿ, ಕೆಳಭಾಗಕ್ಕೂ ಬಿಳಿ ಅಂಟಿಗೆ ಸಮ ಪಾಲು ನೀರು ಬೆರೆಸಿ ಬಳಿಯಿರಿ. ಮೊದಲ ಅರ್ಧ ಗಂಟೆ ಬಾಗು ಇನ್ನೂ ಜಾಸ್ತಿಯಾದಂತೆ ಕಾಣುತ್ತದೆ, ಗಾಬರಿ ಬೇಡ. ಮೇಲ್ಮುಖ ಮಾಡಿ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಹಳೆಯ ಸೋಫಾ ಸ್ಪಂಜು ಹಾಕಿ, ಅದರ ಮೇಲೆ ಐದು ಕೆಜಿ ಅಕ್ಕಿ ಚೀಲಗಳನ್ನು ಸಾಲಾಗಿ ಇಡಿ. ದಿನಕ್ಕೊಮ್ಮೆ ಎತ್ತಿ ಗಾಳಿ ಆಡಲು ಬಿಟ್ಟು ಮತ್ತೆ ಭಾರ ಹೇರಿ. ಮೂರು ದಿನ. ನನ್ನ ಕಂದಕದ ಹಲಗೆ ಮೂಲೆಯಲ್ಲಿ ಒಂದೂವರೆ ಸೆಂಟಿಮೀಟರ್ ಎದ್ದಿತ್ತು. ಮೂರನೆಯ ದಿನ ಸ್ಟೀಲ್ ಸ್ಕೇಲ್ ಇಟ್ಟು ನೋಡಿದಾಗ ಅಡಿಯಲ್ಲಿ ಒಂದು ರೂಪಾಯಿ ನಾಣ್ಯ ಮಾತ್ರ ತೂರುತ್ತಿತ್ತು. ಕೆಳಗೆ ಮರದ ಎರಡು ರೀಪರ್ ಪಟ್ಟಿ ಅಡ್ಡಡ್ಡ ಅಂಟಿಸಿದ ಮೇಲೆ ಅದೂ ಹೋಯಿತು.

ಮಳೆಯ ತೇವಕ್ಕೆ ಬಾಗಿದ್ದಾದರೆ ಮೊದಲು ಒಣಗಿಸಿ, ಆಮೇಲೆ ಮಾತ್ರ ಕೆಳಭಾಗಕ್ಕೂ ಅಂಚುಗಳಿಗೂ ಬಣ್ಣ ಕೊಡಿ. ತೇವ ಇರುವಾಗಲೇ ಬಣ್ಣ ಬಳಿದರೆ ತೇವವನ್ನು ಒಳಗೆ ಬೀಗ ಹಾಕಿ ಕೂರಿಸಿದಂತೆ. ಎಂಡಿಎಫ್‌ನ ಅಂಚನ್ನು ಎಲ್ಲರೂ ಮರೆಯುತ್ತಾರೆ, ನೀರು ಹೆಚ್ಚು ಕುಡಿಯುವುದು ಅದೇ.

ಸನ್‌ಬೋರ್ಡ್ ನೀರು ಕುಡಿಯುವುದಿಲ್ಲ, ಹಾಗಾಗಿ ಈ ಕಾಟವೂ ಕಮ್ಮಿ. ಮಂಗಳೂರು, ಕಾರವಾರದ ಕಡೆ ಇರುವವರು ಎಂಡಿಎಫ್ ಬಿಟ್ಟು ನೇರವಾಗಿ ಅದಕ್ಕೇ ಹೋಗುವುದು ಒಳ್ಳೆಯದು. ನುಣುಪಾದ ಮೈಯನ್ನು ಮಾತ್ರ ಸ್ಯಾಂಡ್‌ಪೇಪರ್‌ನಿಂದ ಗೀಚಿ ಒರಟು ಮಾಡಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ.

ಬೆಟ್ಟದ ಪದರಗಳು ಜಾರುತ್ತಿವೆ

ಎರಡು ಥರ್ಮಾಕೋಲ್ ಹಾಳೆಗಳ ನಡುವೆ ಬಿಳಿ ಅಂಟು ಹಚ್ಚಿ ಮೂರು ದಿನವಾದರೂ ಮೇಲಿನದು ಸರಿಯುತ್ತಿದೆಯೇ? ಬಿಡಿಸಿ ನೋಡಿದರೆ ಅಂಚಿನಲ್ಲಿ ಅಂಟು ಪಾರದರ್ಶಕವಾಗಿ ಒಣಗಿರುತ್ತದೆ, ನಡುವೆ ಇನ್ನೂ ಹಾಲಿನಂತೆ ಬೆಳ್ಳಗಿರುತ್ತದೆ. ಅಂಟು ಕೆಟ್ಟಿಲ್ಲ. ಅದು ಗಟ್ಟಿಯಾಗುವುದು ನೀರು ಆವಿಯಾಗಿ ಹೋದಾಗ, ಅಥವಾ ಮರ, ರಟ್ಟು ನೀರನ್ನು ಹೀರಿಕೊಂಡಾಗ. ಥರ್ಮಾಕೋಲ್ ಎರಡಕ್ಕೂ ಆಸ್ಪದ ಕೊಡುವುದಿಲ್ಲ.

ಅಂಟನ್ನು ಇಡೀ ಮೈಗೆ ಬಳಿಯದೆ ಬಾಚಣಿಗೆಯಿಂದ ಗೆರೆ ಎಳೆದಂತೆ ಹಚ್ಚಿ, ಗೆರೆಗಳು ಅಂಚಿನವರೆಗೂ ಹೋಗಲಿ, ಗಾಳಿಗೆ ದಾರಿಯಾಗುತ್ತದೆ. ಊದುಬತ್ತಿ ಕಡ್ಡಿಯನ್ನು ಎರಡು ಇಂಚಿಗೆ ಮುರಿದು, ತುದಿ ಅಂಟಿನಲ್ಲಿ ಅದ್ದಿ, ಓರೆಯಾಗಿ ಐದಾರು ಕಡೆ ಚುಚ್ಚಿ. ಓರೆಯಾಗಿ ಎನ್ನುವುದು ಮುಖ್ಯ. ನೇರ ಚುಚ್ಚಿದ ಕಡ್ಡಿ ಎತ್ತಿದಾಗ ಜಾರಿ ಬರುತ್ತದೆ, ಎದುರುಬದುರು ಓರೆ ಚುಚ್ಚಿದ್ದು ಬರುವುದಿಲ್ಲ. ಈಗಾಗಲೇ ಅಂಟಿಸಿ ಆಗಿದ್ದರೂ ಇದೇ ಉಪಾಯ ನಡೆಯುತ್ತದೆ. ಕಡ್ಡಿ ಹಿಡಿತ ಕೊಡುತ್ತದೆ, ಅಂಟು ತನ್ನ ಪಾಡಿಗೆ ವಾರವಿಡೀ ಒಣಗಲಿ.

ಮರಳು ಉದುರುತ್ತಿದೆ, ಬಣ್ಣ ಸಿಪ್ಪೆ ಏಳುತ್ತಿದೆ

ಇಲ್ಲಿ ಕಣ್ಣಿಗಿಂತ ಸೆಲ್ಲೋಟೇಪ್ ಹೆಚ್ಚು ಸತ್ಯ ಹೇಳುತ್ತದೆ. ಬೆರಳುದ್ದದ ಟೇಪ್ ಅಂಟಿಸಿ, ಒತ್ತಿ, ಒಂದೇ ಎಳೆತಕ್ಕೆ ಕಿತ್ತು, ಟೇಪಿನ ಹಿಂಬದಿ ನೋಡಿ. ಬರೀ ಮರಳಿನ ಕಾಳು ಬಂದಿದ್ದರೆ ಮರಳಿನಲ್ಲಿ ಧೂಳಿತ್ತು. ಈಗ ಎಲ್ಲೆಡೆ ಸಿಗುವುದು ಕಲ್ಲು ಪುಡಿ ಮಾಡಿ ತಯಾರಿಸಿದ ಎಂ-ಸ್ಯಾಂಡ್, ಅದರಲ್ಲಿ ಕಲ್ಲಿನ ಹಿಟ್ಟು ಬಹಳ. ಅಂಟು ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ಕಾಳನ್ನು ಹಿಡಿಯುವುದಿಲ್ಲ. ಬಕೆಟ್‌ನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆಯಿರಿ, ನೀರು ತಿಳಿಯಾಗುವವರೆಗೆ, ಆಮೇಲೆ ಬಿಸಿಲಿಗೆ ಹರಡಿ ಒಣಗಿಸಿ. ಟೇಪಿಗೆ ಮರಳು, ಬಣ್ಣ ಎರಡೂ ಸೇರಿ ಹಾಳೆಯಂತೆ ಬಂದು, ಕೆಳಗೆ ಥರ್ಮಾಕೋಲ್ ಬೆಳ್ಳಗೆ ಕಂಡರೆ, ಥರ್ಮಾಕೋಲ್‌ನ ಹೊರಮೈಯನ್ನು ಉಜ್ಜದೆ ಬಿಟ್ಟಿದ್ದೀರಿ. ಅಚ್ಚಿನಿಂದ ಬಂದ ಆ ನುಣುಪು ಪೊರೆಗೆ ಏನೂ ಕೂರುವುದಿಲ್ಲ. ಮೇಲಿನ ಬಣ್ಣ ಮಾತ್ರ ಬಂದು ಕೆಳಗಿನ ಬಣ್ಣ ಉಳಿದಿದ್ದರೆ ಆತುರ ಪಟ್ಟಿದ್ದೀರಿ, ಕೆಳಗಿನದು ಒಣಗಿರಲಿಲ್ಲ.

ತೊಳೆದ ಮರಳು ಅಂಟಿಸಿ ಒಣಗಿದ ಮೇಲೆ ಇನ್ನೊಂದು ಕೆಲಸ ಬಾಕಿ ಇದೆ, ಬಜೆಟ್ ಟೆರೇನ್‌ನಲ್ಲಿ ಬಹಳ ಜನ ಬಿಡುವುದು ಇದನ್ನೇ. ಒಂದು ಪಾಲು ಬಿಳಿ ಅಂಟು, ನಾಲ್ಕು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಇದನ್ನು ಮರಳಿನ ಮೇಲೆ ಚಿಮುಕಿಸಿ. ಸೋಪಿಲ್ಲದಿದ್ದರೆ ಹನಿಗಳು ಕೆಸುವಿನ ಎಲೆಯ ಮೇಲೆ ನಿಂತಂತೆ ಮರಳಿನ ಮೇಲೆ ಉಂಡೆಯಾಗಿ ನಿಲ್ಲುತ್ತವೆ. ಸೋಪು ಸೇರಿದರೆ ಸಟ್ಟನೆ ಒಳಗಿಳಿದು ಕಾಳು ಕಾಳಿನ ನಡುವೆ ಕೂರುತ್ತವೆ. ನಾಳೆ ಉಗುರಿನಿಂದ ಗೀಚಿದರೂ ಉದುರುವುದಿಲ್ಲ.

ಈ ನೀರು ಚಿಮುಕಿಸಿದಾಗಲೇ, ಮರದ ಹೊಟ್ಟಿಗೆ ಬಣ್ಣ ಹಾಕಿ ಮಾಡಿದ ಹುಲ್ಲಿನ ಹಸಿರು ಹರಿದು ಮರಳಿಗೆ ಇಳಿಯಿತೇ? ಹೊಟ್ಟಿಗೆ ಬಣ್ಣ ಹಾಕಲು ಪೋಸ್ಟರ್ ಕಲರ್ ಬಳಸಿದ್ದೀರಿ. ಅದು ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಎಮಲ್ಷನ್‌ಗೆ ಸ್ಟೇನರ್ ಬೆರೆಸಿದ ಬಣ್ಣ ಒಮ್ಮೆ ಒಣಗಿತೆಂದರೆ ಕದಲುವುದಿಲ್ಲ. ಹೊಟ್ಟನ್ನು ಮೂರು ಬಗೆಯ ಹಸಿರಿನಲ್ಲಿ ಮಾಡಿ ಬೆರೆಸಿ, ಒಂದಿಷ್ಟು ಹಾಗೇ ಕಂದು ಬಿಡಿ. ನಮ್ಮ ಮೇ ತಿಂಗಳ ಹುಲ್ಲು ಹಸಿರಾಗಿರುವುದಿಲ್ಲ.

ಪಿಒಪಿ ಬಿರುಕು

ಪಿಒಪಿ ಎಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಬೇಗ ಮುಗಿಸುತ್ತೇನೆ. ಜೇಡರ ಬಲೆಯಂತೆ ಸಣ್ಣ ಬಿರುಕುಗಳಿದ್ದರೆ ಪದರ ದಪ್ಪವಾಯಿತು ಅಥವಾ ನೀರು ಹೆಚ್ಚಾಯಿತು. ಎರಡು ಪಾಲು ಪುಡಿಗೆ ಒಂದು ಪಾಲು ನೀರು ಸಾಕು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಸುರಿಯಬಾರದು. ಗಟ್ಟಿಯಾಗತೊಡಗಿದ ಮೇಲೆ ಮತ್ತೆ ನೀರು ಸೇರಿಸಿದರೆ ಅದು ಎಂದಿಗೂ ಬಲ ಪಡೆಯುವುದಿಲ್ಲ. ಉದ್ದಕ್ಕೆ ಒಂದೇ ಬಿರುಕು ಸೀಳಿದ್ದರೆ ಪಿಒಪಿಯ ತಪ್ಪಲ್ಲ, ಕೆಳಗಿನ ಹಲಗೆ ಬಾಗುತ್ತಿದೆ, «ಹಲಗೆ ಬಾಗಿದೆ» ಎಂಬ ಭಾಗಕ್ಕೆ ಹಿಂತಿರುಗಿ. ಎಷ್ಟು ಹೊತ್ತಾದರೂ ಗಟ್ಟಿಯಾಗದೆ ಪುಡಿಪುಡಿಯಾದರೆ ಚೀಲ ಹಳೆಯದು. ಒಂದು ಚಮಚ ಕಲಸಿ ಅಂಗೈಯಲ್ಲಿಟ್ಟು ನೋಡಿ, ಒಳ್ಳೆಯ ಪಿಒಪಿ ಹಿಡಿಯುವಾಗ ಬೆಚ್ಚಗಾಗುತ್ತದೆ.

ಮೇಲೆಲ್ಲ ಬಿಳುಪು

ಬಿಳುಪು ಒಂದಲ್ಲ, ನಾಲ್ಕು. ಒಂದಕ್ಕೆ ಇನ್ನೊಂದರ ಮದ್ದು ಮಾಡಿದರೆ ಕೆಲಸ ಕೆಡುತ್ತದೆ, ಹಾಗಾಗಿ ಮೊದಲು ಒದ್ದೆ ಬೆರಳಿನಿಂದ ಮುಟ್ಟಿ ನೋಡಿ.

ನೀರು ತಾಗಿದ ಕೂಡಲೇ ಮಾಯವಾಗಿ, ಒಣಗಿದ ಮೇಲೆ ಅದೇ ಜಾಗದಲ್ಲಿ ಪುಡಿಯಾಗಿ ಮತ್ತೆ ಬಂದರೆ ಅದು ಉಪ್ಪು. ಸಮುದ್ರದ ಮರಳು ತಂದು ತೊಳೆಯದೆ ಅಂಟಿಸಿದವರಿಗೂ, ಸಿಮೆಂಟ್ ಪುಟ್ಟಿ ಪೂರ್ತಿ ಒಣಗುವ ಮೊದಲೇ ಬಣ್ಣ ಬಳಿದವರಿಗೂ ಬರುತ್ತದೆ. ಒಣ ಬ್ರಶ್‌ನಿಂದ ಉದುರಿಸಿ, ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟುನೀರಿನ ಕೋಟ್ ಕೊಡಿ.

ಹತ್ತಿಯಂತೆ ನವಿರಾಗಿದ್ದು, ಮುಟ್ಟಿದರೆ ಬಳಿದುಕೊಂಡು, ಹಳೆಯ ಗೋಣಿಚೀಲದ ವಾಸನೆ ಬಂದರೆ ಅದು ಬೂಷ್ಟು. ಮೈದಾ ಅಂಟಿನ ಕಾಗದದ ಬೆಟ್ಟ, ಒಣಗಿಸದೆ ಹಾಕಿದ ಚಹಾ ಚರಟ, ಹಸಿ ಇರುವಾಗಲೇ ಅಂಟಿಸಿದ ಮರದ ತೊಗಟೆ, ಇವೇ ಮೂಲ. ಪುಸ್ತಕ ಬೈಂಡ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಹಾಕುವ ರೂಢಿಯಿದೆ, ಹುಳುವೂ ಬೂಷ್ಟೂ ಬರುವುದಿಲ್ಲ. ಅದು ವಿಷ, ಮಕ್ಕಳು ಕೈಯಾಡಿಸುವ ಆಟದ ಮೇಜಿಗೆ ನಾನು ಹಾಕುವುದಿಲ್ಲ. ಮೈದಾ ಬಿಟ್ಟು ಬಿಳಿ ಅಂಟು ಬಳಸಿ. ಬೂಷ್ಟು ಹಿಡಿದ ಭಾಗವನ್ನು ಕೊಯ್ದು ತೆಗೆದು, ಉಳಿದದ್ದನ್ನು ಎರಡು ದಿನ ಬಿಸಿಲಿಗಿಡಿ. ಚಹಾ ಚರಟ ಒಣ ಎಲೆಯ ಕಸಕ್ಕೆ ತುಂಬಾ ಚೆನ್ನಾಗಿ ಕಾಣುತ್ತದೆ, ಬಿಡಬೇಡಿ. ಆದರೆ ಸಕ್ಕರೆ, ಹಾಲು ಸೋಕದ ಚರಟವನ್ನು ತೊಳೆದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಬಳಸಿ.

ಒದ್ದೆ ಬೆರಳು ಇಟ್ಟಾಗ ಬಣ್ಣ ಮತ್ತೆ ಗಾಢವಾಗಿ ಕಂಡು, ಒಣಗಿದ ಕೂಡಲೇ ಇಡೀ ಮೈಗೆ ಸಮನಾಗಿ ಮಂಜು ಕವಿದಂತಾದರೆ ಅದು ವಾರ್ನಿಷ್‌ನದ್ದು. ಮಳೆ ಬರುವಾಗ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದರೆ ಹೀಗಾಗುತ್ತದೆ. ಒರೆಸಿದರೆ ಹೋಗುವುದಿಲ್ಲ. ಬಿಸಿಲಿರುವ ದಿನ ನೋಡಿ, ವಾಟರ್ ಬೇಸ್‌ನ ಗ್ಲಾಸ್ (ಹೊಳಪಿನ) ವಾರ್ನಿಷ್ ಅನ್ನು ತೆಳ್ಳಗೆ ಬ್ರಶ್‌ನಿಂದ ಬಳಿಯಿರಿ, ಹೆಚ್ಚಿನ ಮಂಜು ಕರಗುತ್ತದೆ. ಹೊಳಪು ಬೇಡವಾದರೆ ಅದರ ಮೇಲೆ ಮ್ಯಾಟ್ ಅನ್ನೂ ಬ್ರಶ್‌ನಿಂದಲೇ ಕೊಡಿ.

ನಾಲ್ಕನೆಯದು ತಗ್ಗುಗಳಲ್ಲಿ ನಿಂತ ನೀಲಿ ಛಾಯೆಯ ಹಾಲು ಬಿಳುಪು, ಒತ್ತಿದರೆ ಮೆತ್ತಗೆ. ಒಣಗದ ಅಂಟು. ಕಾಯುವುದೊಂದೇ ದಾರಿ.

ನದಿ ಸರಿ ಬಂದಿಲ್ಲ

ಕಾವೇರಿಗೆ ಮೂರು ಸಲ ನೀರು ಹಾಕಿದೆ. ಮೊದಲ ಸಲ ಬಿಳಿ ಅಂಟನ್ನು ಒಂದೇ ಸಲಕ್ಕೆ ಅರ್ಧ ಸೆಂಟಿಮೀಟರ್ ಸುರಿದೆ. ಮೇಲೆ ಕೆನೆ ಕಟ್ಟಿತು, ಕೆಳಗೆ ಹಾಲು ಹಾಗೇ ಉಳಿಯಿತು, ಕೊನೆಗೆ ಕುಗ್ಗಿ ದಡದಿಂದ ಬಿಟ್ಟುಕೊಂಡಿತು. ಅಂಟಿನಿಂದ ನೀರು ಮಾಡುವುದಾದರೆ ಒಂದು ಸಲಕ್ಕೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಬೇಡ, ಪೂರ್ತಿ ತಿಳಿಯಾದ ಮೇಲೆ ಮುಂದಿನದು.

ಎರಡನೆಯ ಸಲ ಎಪಾಕ್ಸಿ ರೆಸಿನ್, ಅಂದರೆ ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ದ್ರವ. ಮರುದಿನ ಮುಟ್ಟಿದರೆ ಜಿಗುಟು. ಜಿಗುಟಿನಲ್ಲೂ ಬಗೆಗಳಿವೆ. ಅಲ್ಲಲ್ಲಿ ಮಾತ್ರ ಜಿಗುಟಾಗಿ ಉಳಿದ ಕಡೆ ಕಲ್ಲಿನಂತಿದ್ದರೆ ಕಲಸಿದ್ದು ಸಾಲದು, ಲೋಟದ ಬದಿಯಲ್ಲಿ ಅಂಟಿದ್ದನ್ನು ಕೆರೆದು ಬೆರೆಸಿಲ್ಲ. ಇಡೀ ನದಿ ಮೆತ್ತಗಿದ್ದರೆ ಅಳತೆ ತಪ್ಪಿದೆ. ಕೆಲವು ರೆಸಿನ್‌ಗೆ ಗಾತ್ರದ ಅಳತೆ, ಕೆಲವಕ್ಕೆ ತೂಕದ ಅಳತೆ ಹೇಳಿರುತ್ತಾರೆ, ಎರಡೂ ಒಂದೇ ಅಲ್ಲ. ಒಳಗೆ ಗಟ್ಟಿಯಿದ್ದು ಮೇಲೆ ಮಾತ್ರ ಎಣ್ಣೆ ಸವರಿದಂತಿದ್ದರೆ ಹೆದರಬೇಡಿ. ಗಾಳಿಯ ತೇವ ಹಾರ್ಡನರ್ ಜೊತೆ ಸೇರಿ ಕಟ್ಟಿದ ಪೊರೆ ಅದು, ಸೋಪುನೀರಿನಲ್ಲಿ ತೊಳೆದರೆ ಹೋಗುತ್ತದೆ. ನನ್ನದು ಇದೇ ಆಗಿತ್ತು, ಆದರೆ ನನಗದು ಗೊತ್ತಾಗುವ ಮೊದಲೇ ಮೇಲೆ ಇನ್ನೊಂದು ದಪ್ಪ ಪದರ ಸುರಿದಿದ್ದೆ. ದಪ್ಪ ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಆ ಬಿಸಿಗೆ ದಡದ ಥರ್ಮಾಕೋಲ್ ಒಳಗೊಳಗೇ ಸುಟ್ಟು ಕುಸಿಯಿತು.

ಮೂರನೆಯ ಸಲ ಉಳಿದದ್ದನ್ನು ಕೆರೆದು, ನದಿಯ ತಳವನ್ನು ಬಣ್ಣದಲ್ಲೇ ಮಾಡಿದೆ: ಅಂಚಿನಲ್ಲಿ ಮರಳಿನ ಕಂದು, ನಡುವೆ ಪಾಚಿ ಹಸಿರು ಬೆರೆತ ಕಪ್ಪು, ಬಂಡೆಗಳ ಸುತ್ತ ತೆಳು ಬಿಳಿ ಗೆರೆ. ಅದರ ಮೇಲೆ ಗ್ಲಾಸ್ ವಾರ್ನಿಷ್ ನಾಲ್ಕು ತೆಳು ಕೋಟ್. ರೆಸಿನ್‌ಗಿಂತ ಇದೇ ನನಗೆ ಇಷ್ಟವಾಯಿತು, ಖರ್ಚೂ ಕಡಿಮೆ. ಮೇ ತಿಂಗಳ ಕಾವೇರಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು, ನೀಲಿ ಎಲ್ಲಿಯೂ ಇಲ್ಲ. ನೀಲಿ ಬಳಿದಿದ್ದರೆ ಬಣ್ಣ ಎಷ್ಟು ಚೆನ್ನಾಗಿ ಕೂತರೂ ಅದನ್ನು ನಾನು ದೋಷದ ಪಟ್ಟಿಗೇ ಸೇರಿಸುತ್ತೇನೆ.

ಹಲಗೆಗಳ ನಡುವೆ ಸಂದು

ಮೇಜು ಎರಡಡಿಯ ಆರು ಹಲಗೆಗಳಲ್ಲಿದೆ, ಮಂಚದ ಕೆಳಗೆ ಇಡಲು ಬರುತ್ತದೆ. ಟೆರೇನ್ ಅನ್ನು ಬಿಡಿ ತುಂಡುಗಳಲ್ಲಿ ಮಾಡುವುದು ಈ ಆಟದಷ್ಟೇ ಹಳೆಯದು. 1812ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ರಾಜನಿಗೆ ರೈಸ್ವಿಟ್ಸ್ ಎಂಬವರು ಒಪ್ಪಿಸಿದ ಯುದ್ಧದಾಟದ ಮೇಜಿನಲ್ಲೂ ನೆಲವನ್ನು ಬಿಡಿ ಬಿಲ್ಲೆಗಳಾಗಿ ಮಾಡಿ, ಬೇಕಾದಂತೆ ಜೋಡಿಸಿಕೊಳ್ಳುತ್ತಿದ್ದರು. ಸಂದು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಹಲಗೆ ಬಟ್ಟಲಿನಂತೆ ಬಾಗಿದೆ. ಉದ್ದಕ್ಕೂ ಸಮನಾಗಿದ್ದರೆ ಅಂಚಿನ ಮೇಲೆ ಮರಳು ಇಳಿದು ಗಟ್ಟಿಯಾಗಿದೆ, ಕಟ್ಟರ್‌ನಿಂದ ಕೆರೆಯಿರಿ. ಎರಡೂ ಅಲ್ಲದಿದ್ದರೆ ಸಡಿಲ ಹೊಟ್ಟನ್ನು ಆಟದ ದಿನ ಸಂದಿಗೆ ಉದುರಿಸಿ, ಆಮೇಲೆ ಬ್ರಶ್‌ನಿಂದ ಗುಡಿಸಿ ಡಬ್ಬಿಗೆ ತುಂಬಿ.

ನೋಡಲು ಚೆಂದ, ಆಡಲು ಬರುವುದಿಲ್ಲ

ಇದೂ ದೋಷವೇ. ಗೊಂಬೆಯ ಕೆಳಗಿನ ಬಿಲ್ಲೆ 25 ಮಿ.ಮೀ. ಇದ್ದರೆ ಕೋಟೆಗೋಡೆಯ ಮೇಲಿನ ಹಾದಿ ಕನಿಷ್ಠ 30 ಮಿ.ಮೀ. ಇರಲೇಬೇಕು. ನಾನು ಮೊದಲು 22 ಬಿಟ್ಟಿದ್ದೆ, ಟಿಪ್ಪುವಿನ ಸೈನಿಕರು ಒಬ್ಬೊಬ್ಬರಾಗಿ ಕಂದಕಕ್ಕೆ ಬಿದ್ದರು. ಗೋಡೆಯ ಒಳಬದಿಗೆ 10 ಮಿ.ಮೀ. ಸನ್‌ಬೋರ್ಡ್ ಪಟ್ಟಿ ಸೇರಿಸಿ ಅಗಲ ಮಾಡಿದೆ. ಹೊರಗಿನಿಂದ ಅದು ಕಾಣುವುದಿಲ್ಲ.

ಇಳಿಜಾರಿನಲ್ಲಿ ಗೊಂಬೆ ಜಾರುತ್ತದೆಯೇ? ಫೋನಿನ ಲೆವೆಲ್ ಆ್ಯಪ್ ಇಟ್ಟು ಓರೆ ಅಳೆಯಿರಿ. ನನ್ನ ಲೋಹದ ಗೊಂಬೆಗಳು 25 ಡಿಗ್ರಿ ದಾಟಿದರೆ ಮರಳಿನ ಮೇಲೂ ನಿಲ್ಲುವುದಿಲ್ಲ. ಬೆಟ್ಟಕ್ಕಾದರೆ ಮೆಟ್ಟಿಲು ಮಾಡಿ ತಪ್ಪಿಸಿಕೊಳ್ಳಬಹುದು, ಒಡೆದ ಗೋಡೆಯ ಕಂಡಿಗೆ ಹಾಗೆ ಮಾಡಲಾಗದು. ಅಲ್ಲಿ ಕಲ್ಲಿನ ರಾಶಿಯೇ ಇಳಿಜಾರು, ಆಟದ ಜೀವವೂ ಅದೇ ಜಾಗದಲ್ಲಿದೆ. ಕೊನೆಗೆ ರಾಶಿಯ ನಡುವೆ ಅಲ್ಲಲ್ಲಿ ಬಿಲ್ಲೆಯಷ್ಟಗಲದ ಸಮತಟ್ಟು ತಾಣಗಳನ್ನು ಕೊರೆದು, ಸುತ್ತ ಥರ್ಮಾಕೋಲ್ ಚೂರು, ಜಲ್ಲಿ, ಒಡೆದ ಹೂಕುಂಡದ ಚೂರು ಅಂಟಿಸಿದೆ. ಮೇಲಿನಿಂದ ನೋಡಿದರೆ ಬರೀ ಕಲ್ಲಿನ ರಾಶಿ, ಗೊಂಬೆ ಇಟ್ಟರೆ ಕಾಲಿಗೆ ನೆಲ ಸಿಗುತ್ತದೆ. ಈಗ ಅಲ್ಲಿ ಹತ್ತು ಜನ ನಿಲ್ಲುತ್ತಾರೆ. ಎಡಬದಿಯಲ್ಲಿ ಇನ್ನೂ ಇಬ್ಬರಿಗೆ ಜಾಗ ಕೊರೆಯಬೇಕು, ತುಂಬಿದ ಪುಟ್ಟಿ ಒಣಗಲು ಬಿಟ್ಟಿದ್ದೇನೆ.